ಎಲೆಅಡಿಕೆಗೆ ಹಸಿ ಸುಣ್ಣ

ಕೆಂಗೇರಿಯ ಹನುಮಕ್ಕನಿಗೆ ತೀರಿಕೊಂಡ ಗಂಡ ಬಿಟ್ಟುಹೋದದ್ದು ಎರಡೇ: ಸುಣ್ಣದ ಕಲ್ಲು ಸುಡುವ ಗೂಡು ಮತ್ತು ಮಗಳು ಸೀತಾ. ಜಂಬ ಮಾತ್ರ ಅವಳ ಸ್ವಂತ ಸಂಪಾದನೆ. ಗೋಡೆಗೆ ಬಳಿಯುವವರು, ಗಾರೆ ಅರೆಯುವವರು, ಊಟವಾದ ಮೇಲೆ ಎಲೆ ಮಡಚುವವರು, ಎಲ್ಲರೂ ಅವಳ ಬಾಗಿಲಿಗೇ ಬರಬೇಕು. ಅವಳ ಸುಣ್ಣಕ್ಕೆ ಯಾರಾದರೂ ಹೆಸರಿಟ್ಟರೋ, ಅವರ ಮನೆತನಕ್ಕೆಲ್ಲ ನಡುಬೀದಿಯಲ್ಲೇ ಮಂಗಳಾರತಿ.

ಎಲೆಅಡಿಕೆಯ ಸುಣ್ಣವನ್ನು ಅವಳು ನೀರಲ್ಲಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಬಾಯಿ ಸುಡುವ ಖಾರ ಇಳಿಯಲೆಂದು ತಿಂಗಳುಗಟ್ಟಲೆ ಮಡಕೆಯಲ್ಲಿ ನೆನೆಯಲು ಬಿಡುತ್ತಿದ್ದಳು. ಸೀತಾಳ ಮದುವೆ ಮಾತುಕತೆಯ ಹಿಂದಿನ ದಿನ ಮೇಸ್ತ್ರಿ ಶಂಭುಲಿಂಗಪ್ಪ ಬಂದ. ರಾಜಾಜಿನಗರದಲ್ಲಿ ಸಾಲುಸಾಲಾಗಿ ಮನೆಗಳು ಏಳುತ್ತಿದ್ದ ಕಾಲ ಅದು.

"ಗೋಡೆಗೆ ನುಣ್ಣನೆ ಗಾರೆ ಮಾಡ್ಬೇಕು. ನಿಮ್ಮ ಸುಣ್ಣದಂಥದ್ದು ಈ ಸೀಮೇಲೇ ಇಲ್ಲ ಹನುಮಕ್ಕಾ."

ಅಷ್ಟಕ್ಕೇ ಉಬ್ಬಿಹೋದ ಹನುಮಕ್ಕ ಹಳೇ ಮಡಕೆಯ ತಳ ಕೆರೆದು ಎಲ್ಲವನ್ನೂ ಕೊಟ್ಟುಬಿಟ್ಟಳು. ಮನೆಯಲ್ಲಿ ಉಳಿದದ್ದು ಮೊನ್ನೆ ಅರಳಿಸಿದ ಹಸಿ ಸುಣ್ಣ. ತನ್ನ ಕೈಯದು ಹಸಿಯಾದರೇನು ಎಂದುಕೊಂಡು ಅದನ್ನೇ ತಾಂಬೂಲದ ತಟ್ಟೆಗೆ ಇಟ್ಟಳು.

ಮರುದಿನ ಲಗ್ಗೆರೆಯಿಂದ ಬಂದ ಗಂಡಿನ ಕಡೆಯವರೆಲ್ಲ ಹೂಂ ಎಂದರು. ಹುಡುಗನ ಸೋದರಮಾವ ನಂಜುಂಡಪ್ಪ ಮಾತ್ರ ಕೊಂಕು ತೆಗೆದ. ಅವನು ಒಪ್ಪದೆ ಆ ಮನೆಯಲ್ಲಿ ಮದುವೆ ನಡೆಯುವಂತಿರಲಿಲ್ಲ.

"ಹುಡುಗಿ ಕೈ ನೋಡಿ, ಸುಣ್ಣ ಕಲಸಿ ಕಲಸಿ ಮರಳು ಕಾಗದ ಆಗಿದೆ. ಯೋಚ್ನೆ ಮಾಡ್ಬೇಕು ಕಣಮ್ಮ."

ಆ ಹುಡುಗನನ್ನು ಮೆಚ್ಚಿಕೊಂಡಿದ್ದ ಸೀತಾಳ ಕಣ್ಣು ತುಂಬಿತು. ನಂಜುಂಡಪ್ಪ ನಿಶ್ಚಿಂತೆಯಿಂದ ಎಲೆಗೆ ಧಾರಾಳವಾಗಿ ಸುಣ್ಣ ಬಳಿದು ಬಾಯಿಗಿಟ್ಟ. ಎರಡು ಸಲ ಅಗಿದನೋ ಇಲ್ಲವೋ, ಧೋತರ ಹಿಡಿದುಕೊಂಡು ಜಗಲಿ ತುಂಬ ಕುಣಿದ.

"ಉಗೀರಿ ಮಾವ, ಬಾಯಿ ಮುಕ್ಕಳಿಸಿ!" ಸೀತಾ ಚೆಂಬು ಹಿಡಿದು ಓಡಿಬಂದಳು. ಆಮೇಲೆ ತನ್ನ ಒರಟು ಬೆರಳಿನಿಂದಲೇ ಅವನ ನಾಲಿಗೆಗೆ ತುಪ್ಪ ಸವರಿದಳು.

ಮಾತಾಡಲಾಗದ ನಂಜುಂಡಪ್ಪ ಅವಳತ್ತಲೇ ಬೆರಳು ತೋರಿಸಿ, ಬೇಕೆಂದೇ ಮಾಡಿದವಳು ಇವಳೇ ಎಂದು ಸನ್ನೆ ಮಾಡಿದ. ಹನುಮಕ್ಕ ಲೆಕ್ಕ ಹಾಕಿದಳು. ತಟ್ಟೆ ತಂದಿಟ್ಟವಳು ಸೀತಾ; ಸುಮ್ಮನಿದ್ದರೆ ಸುಣ್ಣದ ಹೆಸರು ಉಳಿಯುತ್ತದೆ, ಮಗಳ ಮದುವೆ ಮುರಿಯುತ್ತದೆ.

"ಮಗೂದೇನೂ ತಪ್ಪಿಲ್ಲ ಅಣ್ಣ," ಎಂದಳು. "ನನ್ನ ಸುಣ್ಣಾನೇ ಸರಿ ಇಲ್ಲ. ಮೇಸ್ತ್ರಿ ಹೊಗಳಿದ್ರು ಅಂತ ಒಳ್ಳೇದನ್ನ ಅವರಿಗೆ ಕೊಟ್ಟು, ನಿಮಗೆ ಹಸೀದು ಇಟ್ಟೆ."

ನಂಜುಂಡಪ್ಪ ತಾಯಿಯನ್ನೊಮ್ಮೆ, ತುಪ್ಪದ ಬಟ್ಟಲು ಹಿಡಿದು ನಿಂತ ಮಗಳನ್ನೊಮ್ಮೆ ನೋಡಿದ. ಇನ್ನಷ್ಟು ತುಪ್ಪಕ್ಕೆ ನಾಲಿಗೆ ಚಾಚಿದ. ಆಮೇಲೆ ತೊದಲುತ್ತ ಹೇಳಿದ:

"ಮದ್ವೇಗೆ ಸುಣ್ಣ ಮಾತ್ರ ನಾನೇ ತರ್ತೀನಿ."

ಹನುಮಕ್ಕ ಜಗಳಕ್ಕೆ ಬಾಯಿ ತೆರೆದಳು. ಸೀತಾಳ ಮುಖ ಕಣ್ಣಿಗೆ ಬಿತ್ತು.

"ಆಗ್ಲಿ ಅಣ್ಣ, ನೀವೇ ತನ್ನಿ," ಎಂದಳು.