ಮುರಿದದ್ದು ಮಾಸ್ತಮ್ಮನ ಮನೆಯ ಮೊಳೆಯಲ್ಲ

೧೯೬೩ನೆಯ ಇಸವಿ, ಚೈತ್ರ ಮಾಸ. ಇನ್ನೂ ಬೆಳಕು ಹರಿಯುತ್ತಿದೆ. ರಿಪ್ಪನ್‌ಪೇಟೆಯಿಂದ ಎರಡು ಮೈಲಿ ದೂರದ ಮನೆಯ ಹಿತ್ತಲಲ್ಲಿ ಮಾಸ್ತಮ್ಮ ಜಂಬೆ ಮರದ ತುಂಡನ್ನು ಕತ್ತಿಯಿಂದ ಸೀಳುತ್ತಿದ್ದಾರೆ. ಮೈದುನ ಕೆರಿಯಪ್ಪ ಬಂದು ಎದುರಿಗೆ ನಿಲ್ಲುತ್ತಾರೆ. ಕೋಣಂದೂರಿನ ಕಡೆಯಿಂದ ರಾತ್ರಿಯೆಲ್ಲ ನಡೆದ ಕಾಲು, ಮೊಣಕಾಲಿನವರೆಗೂ ಧೂಳು.

"ಅತ್ಗೆ, ಕತ್ತಿ ಕೆಳಗಿಡು."

"ಎಂತಕ್ಕೆ?"

"ಇಸ್ಕೂಲಿನ ಹಂಚಿನ ಮಾಡು ಬಿತ್ತು. ಅಣ್ಣ ಮೇಲಿದ್ದ."

ಮಾಸ್ತಮ್ಮ ಕತ್ತಿ ಇಡಲಿಲ್ಲ. ಮೈದುನನ ಮುಖದಲ್ಲಿ ಇನ್ನೂ ಒಂದು ಮಾತು ಉಳಿದದ್ದು ಅವರಿಗೆ ಕಂಡಿತು. ಅದನ್ನೂ ಹೇಳು ಎಂದರು.

"ಅಣ್ಣನ ಮೊಳೆ ಮುರಿದೇ ಬಿತ್ತು ಅಂತ ಕಂತ್ರಾಟ್ದಾರ್ರು ಹೇಳ್ತಿದಾರೆ."

ಗಂಡ ಹೋದ ಸುದ್ದಿಯೂ ಗಂಡನ ಹೆಸರು ಕೆಟ್ಟ ಸುದ್ದಿಯೂ ಹೀಗೆ ಒಂದೇ ಗಳಿಗೆಯಲ್ಲಿ ಬಂದವು. ಮೊದಲನೆಯದನ್ನು ದೇವರು ಕೊಟ್ಟದ್ದೆಂದು ಮಾಸ್ತಮ್ಮ ತಲೆಬಾಗಿ ತೆಗೆದುಕೊಂಡರು. ಎರಡನೆಯದು ಮನುಷ್ಯರು ಕೊಟ್ಟದ್ದು. ಅದಕ್ಕೆ ಅವರು ಇವತ್ತಿನವರೆಗೂ ತಲೆಬಾಗಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಬಾಗಿಲು, ತೊಲೆ, ಮಂಚ, ತೊಟ್ಟಿಲುಗಳನ್ನು ಹಿಡಿದು ನಿಲ್ಲಿಸಿರುವುದು ಹೆಬ್ಬೆರಳು ಗಾತ್ರದ ಮರದ ಮೊಳೆ. ಮರಕ್ಕೆ ಮರ ಕಚ್ಚಿಸಿ, ಬೈರಿಗೆಯಲ್ಲಿ ತೂತು ಕೊರೆದು, ಈ ಮೊಳೆಯನ್ನು ಕೊಡತಿಯಿಂದ ಬಡಿದರೆ ತಲೆಮಾರು ಕಳೆದರೂ ಅಲುಗುವುದಿಲ್ಲ. ಮನೆ ಕಟ್ಟಿದ ಆಚಾರಿಯ ಹೆಸರನ್ನು ಊರು ನೆನೆಯುತ್ತದೆ. ಮೊಳೆ ಕೆತ್ತಿದವರ ಹೆಸರನ್ನು ಯಾರೂ ಕೇಳುವುದಿಲ್ಲ. ಆ ಕೆಲಸವನ್ನು ಗಂಡ ಬೆಳ್ಳಪ್ಪನವರ ಜೊತೆ ಹದಿನೆಂಟು ವರ್ಷ, ಈಗ ಒಬ್ಬರೇ ಮೂರು ವರ್ಷ, ಮಾಸ್ತಮ್ಮ ಮಾಡುತ್ತ ಬಂದಿದ್ದಾರೆ.

ಕೋಳಿ ಕೂಗುವಾಗ ಹಿತ್ತಲಿಗೆ ಬಂದರೆ ಬಿಸಿಲು ಏರುವಷ್ಟರಲ್ಲಿ ನಲವತ್ತು ಮೊಳೆ ಕೆತ್ತುತ್ತಾರೆ. ಅದರಲ್ಲಿ ಹತ್ತನ್ನಾದರೂ ಒಲೆಗೆ ಎಸೆಯುತ್ತಾರೆ. ಗರಗಸದಲ್ಲಿ ಕೊಯ್ದ ತುಂಡನ್ನು ಮುಟ್ಟುವುದಿಲ್ಲ, ಸೀಳಿದ್ದೇ ಆಗಬೇಕು. ಸೀಳಿದಾಗ ಮರದ ಎಳೆ ತುದಿಯಿಂದ ತುದಿಗೆ ಓಡುತ್ತದೆ, ಕೊಯ್ದಾಗ ನಡುವೆ ತುಂಡಾಗುತ್ತದೆ. ಗುಂಡಗೆ ಕೆತ್ತದೆ ಎಂಟು ಮೂಲೆ ಬಿಡುತ್ತಾರೆ, ಮೂಲೆಯೇ ತೂತಿನ ಗೋಡೆಯನ್ನು ಕಚ್ಚುವುದು. ಮತ್ತಿ ತೊಲೆಗೆ ಜಂಬೆ, ಹಲಸಿನ ಬಾಗಿಲಿಗೆ ಬಲಿತ ಬಿದಿರು, ನೀರು ತಾಗುವಲ್ಲಿಗೆ ಬಗನಿ. ಎಲ್ಲಕ್ಕಿಂತ ದೊಡ್ಡ ನೇಮ ಒಂದಿದೆ. ಮೊಳೆ ಯಾವಾಗಲೂ ತಾನು ಹೊಗುವ ಮರಕ್ಕಿಂತ ಹೆಚ್ಚು ಒಣಗಿರಬೇಕು. ಅದಕ್ಕಾಗಿ ಎರಡು ಮಳೆಗಾಲ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯಬೇಕು.

"ಹಸಿ ಮೊಳೆ ಹೊಡದ್ರೆ ಹೊಡದ ದಿನ ಚಂದಾಗೇ ಕೂರ್ತದೆ," ಎನ್ನುತ್ತಾರೆ ಮಾಸ್ತಮ್ಮ. "ಬ್ಯಾಸಿಗೇಲಿ ಒಣಗಿ ಸಣ್ಣ ಆಗ್ತದೆ. ತೂತು ಸಣ್ಣ ಆಗ್ತದಾ? ಆಮೇಲೆ ಮನೇನ ಯಾರು ಹಿಡ್ಕಳ್ತಾರೆ, ಅವರಪ್ಪನಾ?"

ಸಾಗರದಿಂದ ಮೊಳೆ ಕೊಳ್ಳಲು ಬರುವ ಗಣೇಶಮೂರ್ತಿ ಆಚಾರಿಯವರು ಜಗುಲಿಯಲ್ಲಿ ಕೂತು ಎಲೆ ಮಡಿಸುತ್ತಾರೆ. ಮಾಸ್ತಮ್ಮ ಒಂದೊಂದೇ ಮೊಳೆಯನ್ನು ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳಿ ಆರಿಸುವುದನ್ನು ನೋಡಿ ಅವರಿಗೆ ಬೇಸರ.

"ಅಮ್ಮಾ, ನನ್ನ ಮಗಳಿಗೆ ಗಂಡು ಹುಡುಕುವಾಗ್ಲೂ ನಾನು ಇಷ್ಟು ಹೊತ್ತು ತಗಳ್ಲಿಲ್ಲ."

"ಅದಕ್ಕೇ ಅಲ್ವಾ ಆಚಾರ್ರೆ, ಅಂಥ ಅಳಿಯ ಸಿಕ್ಕಿದ್ದು."

ಆಚಾರಿಯವರು ಮಡಿಸಿದ ಎಲೆಯನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ.

ಬೆಳ್ಳಪ್ಪನವರ ತಿಥಿ ಕಳೆದ ಮಾರನೆಯ ದಿನವೇ ಮಾಸ್ತಮ್ಮ, ಅಣ್ಣನ ಜೊತೆ ಮಾಡಿನ ಕೆಲಸಕ್ಕೆ ಹೋಗಿದ್ದ ಕೆರಿಯಪ್ಪನನ್ನು ಕರೆದುಕೊಂಡು ಆ ಶಾಲೆಗೆ ಹೋದರು. ಬಿದ್ದ ತೊಲೆ, ಒಡೆದ ಹಂಚು ಇನ್ನೂ ಹಾಗೆಯೇ ಇದ್ದವು. ಇಡೀ ದಿನ ಕೂತು ಮೊಳೆಗಳನ್ನೆಲ್ಲ ಹೆಕ್ಕಿ ಎರಡು ರಾಶಿ ಮಾಡಿದರು. ಒಂದು ರಾಶಿ ಹೊಗೆಯ ಬಣ್ಣದ್ದು. ಅವು ತಮ್ಮ ಅಟ್ಟದಿಂದ ಹೋದವು, ಅದರಲ್ಲಿ ಒಂದೂ ಮುರಿದಿರಲಿಲ್ಲ. ಇನ್ನೊಂದು ರಾಶಿ ಬಿಳಿ. ಮುರಿದವೂ ಜಾರಿ ಬಿದ್ದವೂ ಎಲ್ಲ ಅದರಲ್ಲೇ. ಮೊಳೆ ಸಾಲದೆ ಬಂದಾಗ ಗುತ್ತಿಗೆದಾರರು ಅಲ್ಲೇ ಮರ ಕಡಿಸಿ ಹಸಿಯಾಗಿ ಕೆತ್ತಿಸಿದ್ದರು. ಪುಷ್ಯದಲ್ಲಿ ಹೊಡೆದ ಮೊಳೆ ಚೈತ್ರದ ಕಾವಿಗೆ ಸಡಿಲವಾಗಿ, ಹಂಚಿನ ಭಾರ ಬಿದ್ದ ದಿನ ಕೈಬಿಟ್ಟಿತ್ತು.

ಮಾಸ್ತಮ್ಮ ಎರಡು ರಾಶಿಯನ್ನೂ ಹೆಡ್‌ಮಾಸ್ತರ ನಾರಾಯಣಮೂರ್ತಿಯವರ ಮುಂದಿಟ್ಟರು. ಗುತ್ತಿಗೆದಾರರೂ ಅಲ್ಲಿದ್ದರು. ಅವರು ನಕ್ಕು, "ಬಿಳಿಯೋ ಕರಿಯೋ, ಹೊಡೆದದ್ದು ಯಾರು ಅಂತ ಕೇಳು," ಎಂದರು.

ಕೆರಿಯಪ್ಪ ನೆಲ ನೋಡುತ್ತ ಹೇಳಿದರು: "ಹೊಡೆದದ್ದು ಅಣ್ಣಾನೇ, ಅತ್ಗೆ. ಬ್ಯಾಡ ಅಂತ ಎರಡು ಸಲ ಹೇಳ್ದ. ಇವ್ರು ಬೈದ್ರು. ಹೊಡೆದ."

ಇಂಥ ಮಾತು ಕೇಳಿದ ಮೇಲೆ ಬೇರೆ ಯಾರಾದರೂ ಎದ್ದು ಹೊರಡುತ್ತಿದ್ದರು. ಮಾಸ್ತಮ್ಮ ಕೂತಲ್ಲೇ ಕೂತಿದ್ದರು.

"ಹೊಡೆದದ್ದು ಅವರ ತಪ್ಪು. ಅದನ್ನ ನಾನು ಹೊರ್ತೀನಿ. ಹೊಡಿಸಿದ್ದು ನಿಮ್ಮ ತಪ್ಪು, ಅದನ್ನ ನೀವು ಹೊರ್ರಿ. ನಮ್ಮನೆ ಮೊಳೆ ಮುರೀತು ಅಂತ ಮಾತ್ರ ಯಾರೂ ಹೇಳಬ್ಯಾಡಿ."

ಆದರೆ ಶಾಲಾ ಸಮಿತಿಯ ಪುಸ್ತಕದಲ್ಲಿ 'ಬೆಳ್ಳಪ್ಪನ ಮೊಳೆ ಮುರಿದು ಮಾಡು ಬಿದ್ದಿತು' ಎಂದು ಆಗಲೇ ಬರೆದಾಗಿತ್ತು. ಆ ಮಾತು ಆನಂದಪುರದವರೆಗೂ ಹೋಯಿತು. ಒಂದು ವರ್ಷ ಯಾವ ಆಚಾರಿಯೂ ಅವರ ಹಿತ್ತಲಿಗೆ ಬರಲಿಲ್ಲ. ಮಾಸ್ತಮ್ಮ ಹಗಲು ಕಂಡವರ ಗದ್ದೆಯಲ್ಲಿ ಕಳೆ ಕಿತ್ತರು. ಬೆಳಗಿನ ನಲವತ್ತು ಮೊಳೆಯನ್ನು ಮಾತ್ರ ಬಿಡಲಿಲ್ಲ. ಕೊಳ್ಳುವವರಿಲ್ಲದ ಮೊಳೆ ಅಟ್ಟದ ತುಂಬ ಸೇರಿತು. "ಯಾರಿಗೇ ಇದು?" ಎಂದು ನೆರೆಯ ದುಗ್ಗಮ್ಮ ಕೇಳಿದರೆ, "ಬರ್ತಾರೆ. ಮನೆ ಬೀಳೋದು ನಿಲ್ತದಾ?" ಎನ್ನುತ್ತಿದ್ದರು. ಮರುವರ್ಷ ಮೊದಲು ಬಂದವರು ಈ ಗಣೇಶಮೂರ್ತಿ ಆಚಾರಿಯವರೇ. ಅವರು ಕಬ್ಬಿಣದ ಮೊಳೆ ಹೊಡೆದಿದ್ದ ಬಾಗಿಲು, ಮೊಳೆ ತುಕ್ಕು ಹಿಡಿದು ವಾಪಸು ಬಂದಿತ್ತು.

ಈ ವರ್ಷ ಮಾಘದಲ್ಲಿ ನಾರಾಯಣಮೂರ್ತಿ ಮಾಸ್ತರು ತಾವೇ ಬಂದರು. ಶಾಲೆಯ ಮಾಡನ್ನು ಮತ್ತೆ ಎತ್ತಬೇಕು, ಇನ್ನೂರು ಮೊಳೆ ಬೇಕು, ಒಣಗಿದ್ದೇ ಬೇಕು. ಅಷ್ಟು ಹಳೆಯ ಮೊಳೆ ಮೂರು ತಾಲ್ಲೂಕಿನಲ್ಲಿ ಇದ್ದದ್ದು ಮಾಸ್ತಮ್ಮನ ಅಟ್ಟದಲ್ಲಿ ಮಾತ್ರ, ಯಾರೂ ಕೊಳ್ಳದ ವರ್ಷದ್ದು.

"ಕೊಡ್ತೀನಿ," ಎಂದರು ಮಾಸ್ತಮ್ಮ. "ಪುಸ್ತಕದಲ್ಲಿ ಬರೆದದ್ದು ಸರಿ ಮಾಡಿ ಬನ್ನಿ."

"ಬರೆದದ್ದನ್ನ ಅಳಿಸೋ ಹಾಗಿಲ್ಲಮ್ಮ. ಮಳೆ ಮುಂಚೆ ಮಾಡು ಏಳಬೇಕು, ಇನ್ಸ್‌ಪೆಕ್ಟರು ಬರ್ತಾರೆ."

"ಅಳಿಸಬ್ಯಾಡಿ. ಕೆಳಗೆ ಬರೀರಿ. ಇನ್ಸ್‌ಪೆಕ್ಟ್ರು ಬರ್ಲಿ, ಯಮ ಬರದಿದ್ರೆ ಸಾಕು."

ಎಂಟನೆಯ ದಿನ ಮಾಸ್ತರು ಪುಸ್ತಕವನ್ನೇ ಬಗಲಲ್ಲಿಟ್ಟುಕೊಂಡು ಬಂದರು. ಸಮಿತಿ ಒಪ್ಪಿತ್ತು. ಜಗುಲಿಯಲ್ಲಿ ಕೂತು ಲೇಖನಿ ಹಿಡಿದು, "ಯಜಮಾನರ ಹೆಸರು?" ಎಂದರು. ಅವರಿಗೆ ಗೊತ್ತಿರಲಿಲ್ಲವೆಂದಲ್ಲ, ಬರೆಯುವವರ ವಾಡಿಕೆ. ಗಂಡನ ಹೆಸರನ್ನು ಹೆಂಡತಿ ಹೇಳುವುದು ನಮ್ಮ ಕಡೆ ಇಲ್ಲ. ಎಂದಿನಂತೆ ಕೆರಿಯಪ್ಪ ಹೇಳಲು ಬಾಯಿ ತೆರೆದರು. ಮಾಸ್ತಮ್ಮ ಕೈ ಎತ್ತಿ ತಡೆದರು.

"ಬೆಳ್ಳಪ್ಪ," ಎಂದರು. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ. "ಬರೀರಿ. ಬೆಳ್ಳಪ್ಪನ ಮೊಳೆ ಮುರೀಲಿಲ್ಲ. ಹಸಿ ಮೊಳೆ ಜಾರಿ ಮಾಡು ಬಿತ್ತು. ಹಸಿ ಅಂತ ಗೊತ್ತಿದ್ದೂ ಹೊಡೆದ, ಅದನ್ನೂ ಬರೀರಿ."

ಕೊನೆಯ ಮಾತು ಬೇಡವೆಂದು ಮಾಸ್ತರು ಹೇಳಿ ನೋಡಿದರು. ಮಾಸ್ತಮ್ಮ ಒಪ್ಪಲಿಲ್ಲ. "ಅರ್ಧ ಸತ್ಯ ಹಸಿ ಮೊಳೆ ಇದ್ದ ಹಾಗೆ," ಎಂದು ಬರೆಸಿಯೇ ಬಿಟ್ಟರು. ಓದಲು ಬಾರದ ಅವರು ಮೂರು ಸಲ ಓದಿಸಿ ಕೇಳಿ, ಆಮೇಲೆ ಅಟ್ಟ ಹತ್ತಿದರು.

ಮಾಡು ಎದ್ದಿದೆ. ಈ ಮಳೆಗಾಲ ಮಕ್ಕಳು ಅದರ ಕೆಳಗೆ ಕೂತು ಮಗ್ಗಿ ಹೇಳಿದ್ದಾರೆ. ನಾಳಿದ್ದು ಮಹಾಲಯ ಅಮಾವಾಸ್ಯೆ. ಮಾಸ್ತಮ್ಮ ಅಕ್ಕಿ ನೆನೆಹಾಕುತ್ತ, "ಮೂರು ವರ್ಷ ಎಡೆ ಇಟ್ಟಾಗ್ಲೂ ಅವ್ರಿಗೆ ಮುಖ ತೋರಿಸಕ್ಕೆ ನಾಚಿಕೆ ಆಗ್ತಿತ್ತು. ಈ ಸಲ ಎದುರಿಗೇ ಕೂರ್ತೀನಿ," ಎನ್ನುತ್ತಾರೆ.

ಭಗವಂತನು ಬೆಳ್ಳಪ್ಪನವರ ಹದಿನೆಂಟು ವರ್ಷದ ಒಳ್ಳೆಯ ಕೆಲಸವನ್ನೂ ಒಂದು ದಿನದ ಅಂಜಿಕೆಯನ್ನೂ ಒಟ್ಟಿಗೇ ತನ್ನ ಪಾದಕ್ಕೆ ತೆಗೆದುಕೊಳ್ಳಲಿ. ಅವರ ಜೀವಕ್ಕೆ ನೆಮ್ಮದಿಯಾಗಲಿ.