ಮೂರು ಸಲ ಕರೆದೆ ಎಂದು ಹೇಳಿದ್ದೆ

ನಾನು ಪಾರವ್ವನನ್ನು ಕರೆದದ್ದು ಒಂದೇ ಸಲ. ಮೂರು ಸಲ ಕರೆದೆ ಎಂದು ಮನೆಯವರಿಗೆ ಹೇಳಿದೆ. ಅಷ್ಟಕ್ಕೇ ಬಿಟ್ಟಿದ್ದರೆ— ಬಿಡಲಿಲ್ಲ. ಇನ್ನೊಂದು ಮಾತು ಸೇರಿಸಿದೆ. ಅದನ್ನೂ ಬರೆಯುತ್ತೇನೆ.

ಪಾರವ್ವ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಮಕ್ಕಳಿರಲಿಲ್ಲ. ಗಂಡ ಹೋದ ಮೇಲೆ ವಾಸ್ಕೋದ ಮಂಗೋರ್ ಹಿಲ್‌ನಲ್ಲಿ ನಮ್ಮ ಜೊತೆಗೇ ಇದ್ದಳು. ಮುಂದೆ ನನ್ನ ಗಂಡನೂ ತೀರಿಹೋದ. ನಾನು ಬೆಳಿಗ್ಗೆ ಬುಟ್ಟಿ ಹಿಡಿದು ಕಟ್ಟಡದ ಕೆಲಸಕ್ಕೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ನನ್ನ ಮಗ ಮಲ್ಲೇಶನನ್ನು ಬೆಳೆಸಿದವಳು ಅವಳು. ಆಮೇಲೆ ಅವನ ಮಗಳು ರೇಣುಕಾಳನ್ನೂ. ರೇಣುಕಾಗೆ ನಾನು ಆಯಿ, ಅವಳು ದೊಡ್ಡಾಯಿ. ತಲೆಗೆ ಎಣ್ಣೆ ಹಚ್ಚಲು ದೊಡ್ಡಾಯಿ, ಮೊಣಕಾಲು ತರಚಿಕೊಂಡು ಬಂದರೆ ದೊಡ್ಡಾಯಿ. ಆಯಿ ಅಂದರೆ ನೀರು ತುಂಬುವವಳು, ಬಯ್ಯುವವಳು.

ಆರು ವರ್ಷದ ಹಿಂದೆ, ದೀಪಾವಳಿ ರಜೆಯಲ್ಲಿ, ರೇಣುಕಾ ಮೊಬೈಲ್‌ನಲ್ಲಿ ಏನೋ ನೋಡಿ ಹಟ ಹಿಡಿದಳು. ಆಗ ಅವಳಿಗೆ ಹದಿನಾಲ್ಕು. ಕೆಪೆ ಊರು ದಾಟಿದ ಮೇಲೆ ದೊಡ್ಡ ಅಣೆಕಟ್ಟು ಇದೆಯಲ್ಲ, ಅದರ ನೀರಿನ ದಂಡೆಗೆ ಕಟ್ಟಿಗೆಯ ಕ್ಯಾಬಿನ್ ಕಟ್ಟಿದ್ದಾರೆ, ಎರಡು ದಿನ ಇದ್ದು ಬರೋಣ ಅಂತ. ಮಲ್ಲೇಶ ಒಪ್ಪಿದ. ಟೆಂಪೋ ಅವನದೇ.

ಆ ಒಡ್ಡಿಗೆ ಕಲ್ಲು ಹೊತ್ತವರು ನಾನು ಮತ್ತು ಪಾರವ್ವ. ಮದುವೆಯಾದ ಹೊಸತು. ಒಡ್ಡು ಮುಗಿಯುವ ಮೊದಲೇ ಕೂಲಿಯಾಳುಗಳ ಮುಕಾದಮ ನಮ್ಮನ್ನು ಬೇರೆ ಕಡೆ ಸಾಗಿಸಿದ. ನೀರು ನಿಂತದ್ದನ್ನು ನಾವಿಬ್ಬರೂ ನೋಡಲೇ ಇಲ್ಲ. ನನಗೆ ಅದರ ಗೊಡವೆ ಇರಲಿಲ್ಲ. ಪಾರವ್ವ ಮಾತ್ರ ಅಕ್ಕಿ ಆರಿಸುವಾಗ, ಬಟ್ಟೆ ಒಗೆಯುವಾಗ ಅದೇ ಮಾತು— "ಒಮ್ಮೆ ನೋಡಬೇಕವ್ವ. ನಾವು ಹೊತ್ತ ಕಲ್ಲ ಎಷ್ಟು ನೀರು ಹಿಡದಾವ ಅಂತ."

ರೇಣುಕಾ ನೋಟ್‌ಬುಕ್ಕಿನ ಹಾಳೆಯ ಮೇಲೆ ಕ್ಯಾಬಿನ್ನಿನ ಚಿತ್ರ ಬರೆದಳು. ಒಂದರ ಮೇಲೊಂದು ಹಾಸಿಗೆ, ಒಟ್ಟು ನಾಲ್ಕು.

"ಕಿಡಕಿ ಹಂತ್ಯಾಕ ಕೆಳಗ ದೊಡ್ಡಾಯಿ. ಅಕಿ ಮ್ಯಾಲ ನಾ. ಈ ಕಡಿ ಪಪ್ಪಾ, ಮಮ್ಮಿ."

"ಮತ್ತ ನಿಮ್ಮ ಆಯಿನ್ನ ಟೆಂಪೋದಾಗ ಬಿಡೂದೇನ?" ಮಲ್ಲೇಶ ನಕ್ಕ.

"ಆಯಿಗೇನ್ ಪಪ್ಪಾ, ಎಲ್ಲಿ ಒಗದರೂ ಮಲಗತಾಳ. ನೆಲಕ್ಕ ಒಂದ ಗಾದಿ ಕೊಡ್ತಾರಂತ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಹುಡುಗಿ ಹೇಳಿದ್ದು ಸುಳ್ಳಲ್ಲ, ಸಿಮೆಂಟು ಚೀಲದ ಮೇಲೆ ಮಲಗಿ ಎದ್ದವಳು ನಾನು. ಆದರೂ ಆ ಹಾಳೆಯಲ್ಲಿ ಅವಳು ನನಗೆ ಒಂದು ಗೆರೆಯನ್ನೂ ಎಳೆದಿರಲಿಲ್ಲ. ನಾನು ದುಡಿದು ಹಾಕಿದ ಮನೆಯಲ್ಲಿ— ಇರಲಿ.

"ಯವ್ವಾ, ದೊಡ್ಡವ್ವನ್ನ ಕರದ ಬಾ," ಎಂದ ಮಲ್ಲೇಶ.

ಪಾರವ್ವ ಹೊರಗೆ ಮೆಟ್ಟಿಲ ಮೇಲೆ ಮೊರ ಹಿಡಿದು ಕುಳಿತಿದ್ದಳು.

"ಅಕ್ಕಾ, ಆ ಒಡ್ಡಿನ ಕಡೆ ಹೊಂಟಾರ. ಬರ್ತಿಯೇನ?"

"ನಾ ಎಲ್ಲಿ ಬರ್ಲೆವ್ವ, ಒಲ್ಲೆ. ನೀವು ಹೋಗಿ ಬರ್ರಿ. ಮನ್ಯಾಗ ಒಬ್ಬರರ ಬೇಕಲ್ಲ."

ನಮ್ಮ ವಿಜಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಸಲಕ್ಕೆ ಯಾರೂ ಹೂಂ ಅನ್ನುವುದಿಲ್ಲ. ಚಾ ಕೊಟ್ಟರೂ ಒಲ್ಲೆ, ಸೀರೆ ಕೊಟ್ಟರೂ ಒಲ್ಲೆ. ಎರಡನೇ ಸಲ ಕೈ ಹಿಡಿಯಬೇಕು, ಮೂರನೇ ಸಲ ಬಯ್ಯಬೇಕು. ಆಗ ಏಳುತ್ತಾರೆ. ಅದರಲ್ಲೂ ಇನ್ನೊಬ್ಬರ ಮನೆಯಲ್ಲಿ ಉಂಡು ಬಾಳುವ ಹೆಂಗಸು ಮೊದಲ ಸಲಕ್ಕೆ ಹೂಂ ಅಂದಾಳೆಯೇ? ಪಾರವ್ವ ಒಲ್ಲೆ ಅಂದಳು. ಮೊರ ಆಡಿಸುವುದನ್ನು ನಿಲ್ಲಿಸಿದಳು. ನನ್ನ ಮುಖ ನೋಡಿದಳು.

ನಾನು ತಿರುಗಿ ಒಳಗೆ ಬಂದೆ.

"ಅಕಿ ಒಲ್ಲೆ ಅಂದ್ಲು."

"ಇನ್ನೊಮ್ಮೆ ಕರೀಬೇಕಿತ್ರಿ ಅತ್ತಿ," ಎಂದಳು ಸೊಸೆ.

"ಮೂರು ಸಲ ಕರದೇನಿ. ಕಾಲು ಹಿಡೀಲೇನು?"

ರೇಣುಕಾ ತಾನೇ ಕರೆಯುತ್ತೇನೆಂದು ಎದ್ದಳು. ಅವಳು ಹೋಗಿದ್ದರೆ ಮುಗಿಯುತ್ತಿತ್ತು. ಆಗ ನಾನು ಆ ಮಾತು ಹೇಳಿದೆ— "ನೀ ಹೋಗಬ್ಯಾಡ. ನಿನ್ನ ಗದ್ದಲ ಸಾಕಾಗೇತಂತ ಅಕಿಗೆ. ಎರಡು ದಿನ ಆ ಹುಡುಗಿ ಕಾಟ ಇಲ್ಲದ ತಣ್ಣಗ ಇರ್ತೇನಿ ಅಂದ್ಲು."

ಹುಡುಗಿ ಕೂತಳು. ರಬ್ಬರ್ ತೆಗೆದುಕೊಂಡು ಕಿಟಕಿಯ ಹತ್ತಿರದ ಹೆಸರು ಅಳಿಸಿದಳು.

ಹೊರಡಲು ಇನ್ನೂ ಮೂರು ದಿನ ಇತ್ತು. ಮರುದಿನ ಪಾರವ್ವ ತನ್ನ ಒಂದೇ ಇಳಕಲ್ ಸೀರೆ ಒಗೆದು ಹಗ್ಗದ ಮೇಲೆ ಹರವಿದ್ದಳು. ನಾನು ನೋಡಿದೆ. ಯಾಕೆ ಒಗೆದಿದ್ದಾಳೆ ಎಂದು ತಿಳಿಯಿತು. ತಿಳಿದೂ ಅದರ ಪಕ್ಕದಲ್ಲೇ ನನ್ನದನ್ನು ಒಣಗಿಸಿದೆ. ಮೂರು ದಿನ ಅವಳು ಕಾದಳು, ನಾನಲ್ಲದಿದ್ದರೆ ಹುಡುಗಿಯಾದರೂ ಬಂದು ಕರೆಯುತ್ತಾಳೆ ಅಂತ. ಹೊರಡುವ ದಿನ ಟೆಂಪೋಗೆ ಸಾಮಾನು ಏರಿಸುವಾಗ ಅವಳೇ ಬಂದು ನೀರಿನ ಕೊಡ ಎತ್ತಿಕೊಟ್ಟಳು. "ನೀರಾಗ ಭಾಳ ಮುಂದ ಹೋಗಬ್ಯಾಡ್ರಿ," ಎಂದಳು. ರೇಣುಕಾ ಅವಳ ಕಡೆ ನೋಡಲಿಲ್ಲ.

ಕ್ಯಾಬಿನ್ನಿನಲ್ಲಿ ಕಿಟಕಿಯ ಹಾಸಿಗೆ ನನಗೆ ಸಿಕ್ಕಿತು. ಮೇಲಿನ ಹಾಸಿಗೆಯಲ್ಲಿ ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎರಡು ದಿನದಲ್ಲಿ ನನ್ನೊಂದಿಗೆ ನಾಲ್ಕು ಮಾತು ಆಡಿದ್ದರೆ ಹೆಚ್ಚು. ಮಧ್ಯಾಹ್ನ ಅವರೆಲ್ಲ ದಂಡೆಗೆ ಹೋದರು, ನಾನು ಕ್ಯಾಬಿನ್ನಿನ ಕಟ್ಟೆಯ ಮೇಲೆ ಕುಳಿತೆ. ಕಣ್ಣು ಹೋದಷ್ಟು ದೂರ ನೀರು. ಆಚೆ ಗುಡ್ಡದ ಗುರುತು ಸಿಕ್ಕಿತು. ಅದರ ಬುಡದಲ್ಲಿ ನಮ್ಮ ತಗಡಿನ ಜೋಪಡಿ ಇತ್ತು, ಪಾರವ್ವ ಮೂರು ಕಲ್ಲಿಟ್ಟು ಒಲೆ ಹೂಡಿದ್ದಳು, ನನಗೆ ಚಳಿಜ್ವರ ಬಂದಾಗ ನನ್ನ ಪಾಲಿನ ಕಲ್ಲನ್ನೂ ಅವಳೇ ಹೊತ್ತು ನನ್ನ ಹಾಜರಿ ಹಾಕಿಸಿದ್ದಳು. ಎಲ್ಲ ನೀರಿನ ಕೆಳಗೆ. "ಅಗೋ ಅಲ್ಲಿ ನೋಡ" ಎಂದು ಬೆರಳು ಮಾಡಿ ಯಾರಿಗೆ ತೋರಿಸಲಿ? ಮಗನಿಗೆ ಹೇಳಿದರೆ ಅವನಿಗೆ ಕಾಣುವುದು ನೀರು. ಆ ಜಾಗ ಗೊತ್ತಿದ್ದವಳು ಇಡೀ ಭೂಮಿಯ ಮೇಲೆ ಒಬ್ಬಳೇ, ಅವಳ ಕೈಗೆ ಮನೆಯ ಕೀಲಿ ಕೊಟ್ಟು ಬಂದಿದ್ದೆ.

ಮನೆಗೆ ಬಂದ ಸಂಜೆ ಪಾರವ್ವನಿಗೆ "ಚಾ ಕುಡೀತಿಯೇನ?" ಎಂದು ಕೇಳಿದೆ.

"ಹೂಂ, ಕೊಡು," ಎಂದಳು.

ಮೊದಲ ಸಲಕ್ಕೇ. ನಲವತ್ತು ವರ್ಷದಲ್ಲಿ ಮೊದಲ ಬಾರಿ. ಹೋಟೆಲಿನಲ್ಲಿ ಕುಳಿತವರು ಹೇಳಿದ ಹಾಗೆ. ಆಮೇಲೆ ಬದುಕಿದ್ದ ನಾಲ್ಕು ವರ್ಷವೂ ಹಾಗೇ. ಊಟಕ್ಕೆ ಕರೆದರೆ ಹೂಂ, ಗುಳಿಗೆ ಕೊಟ್ಟರೆ ಹೂಂ. ನಾನು ಎರಡನೇ ಸಲ ಕೇಳುವವಳಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ಬಯ್ದಿದ್ದರೆ ನಾನೂ ಬಯ್ಯುತ್ತಿದ್ದೆ, ಜಗಳ ಹರಿದು ಹೋಗುತ್ತಿತ್ತು. ಅವಳು ಬಯ್ಯಲಿಲ್ಲ. ನೀರು ಹೇಗಿತ್ತು ಎಂದೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ರೇಣುಕಾ ಅವಳ ಹತ್ತಿರ ಎಣ್ಣೆ ಹಚ್ಚಿಸಿಕೊಳ್ಳುವುದನ್ನು ಬಿಟ್ಟಳು. ಪಾರವ್ವನೂ ಕರೆಯಲಿಲ್ಲ. ಇಷ್ಟಾದರೂ ಹುಡುಗಿ ನನ್ನ ಕಡೆಗೇನೂ ಬರಲಿಲ್ಲ, ಗೆಳತಿಯರ ಕಡೆ ಹೋದಳು. ಒಂದೇ ಕೋಣೆಯಲ್ಲಿ ಮೂವರು ಮೂರು ಮೂಲೆ. ಪಾರವ್ವ ಸಾಯುವಾಗ ಆಸ್ಪತ್ರೆಯಲ್ಲಿ ಹುಡುಗಿ ಬಾಗಿಲ ಹತ್ತಿರವೇ ನಿಂತಳು. "ನಾ ಹಂತ್ಯಾಕ ಹೋದ್ರ ಅಕಿಗೆ ತ್ರಾಸ ಆಕ್ಕೈತಿ ಮಮ್ಮಿ," ಎಂದು ತಾಯಿಗೆ ಹೇಳಿದ್ದು ನನಗೆ ಕೇಳಿಸಿತು. ಪಾರವ್ವನ ಕಣ್ಣು ಬಾಗಿಲ ಕಡೆಗೇ ಇತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ.

ಈಗ ರೇಣುಕಾಗೆ ಇಪ್ಪತ್ತು, ಮಡಗಾಂವದಲ್ಲಿ ಕೆಲಸ. ತನ್ನ ಪಗಾರದಲ್ಲಿ ನಮ್ಮನ್ನೆಲ್ಲ ಮತ್ತೆ ಅದೇ ದಂಡೆಗೆ ಕರೆದೊಯ್ಯುತ್ತಾಳಂತೆ. ಹೋದ ತಿಂಗಳು ಬಂದವಳು ಸುಮ್ಮನೆ ಕೇಳಿದಳು— "ಆಯಿ, ದೊಡ್ಡಾಯಿ ಖರೇನ ಹಂಗ ಅಂದಿದ್ಲೇನ? ನನ್ನ ಕಾಟ ಅಂತ?"

"ಹಳೇ ಮಾತು ಯಾಕ ತಗೀತಿ," ಎಂದುಬಿಟ್ಟೆ. ಎಪ್ಪತ್ತು ದಾಟಿದರೂ ಬುದ್ಧಿ ಅದೇ.

ಆಮೇಲೆ ಬರೆಯಲು ಕುಳಿತೆ. ಕಲಿತದ್ದು ಎರಡನೇ ಇಯತ್ತೆ, ಒಂದು ಪುಟಕ್ಕೆ ಎರಡು ದಿನ ಹಿಡಿಯಿತು. ಬರೆಯುತ್ತಾ ಗೊತ್ತಾಯಿತು, ರೇಣುಕಾ ಇದನ್ನು ಓದಲಾರಳು. ಅವಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅದಕ್ಕೇ ಧೈರ್ಯವಾಗಿ ಬರೆದೆನೋ ಏನೋ. ನಿಮಗೆಲ್ಲ ಹೇಳಿದರೆ ಅವಳಿಗೆ ಹೇಳಿದಂತಲ್ಲ.

ಭಾನುವಾರ ಅವಳು ಕ್ಯಾಬಿನ್ನಿಗೆ ಯಾರ್ಯಾರು ಎಂದು ಹೆಸರು ಬರೆದುಕೊಳ್ಳಲು ಬರುತ್ತಾಳೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಹೇಳುತ್ತೇನೆ— ನಿನ್ನ ದೊಡ್ಡಾಯಿ ಹಾಗೆ ಅನ್ನಲಿಲ್ಲ, ಅಂದವಳು ನಾನು. ಆಮೇಲೆ ಅವಳು ಒಳಗೆ ಬರುವುದೋ, ಹಾಗೇ ಮೆಟ್ಟಿಲು ಇಳಿದು ಹೋಗುವುದೋ ಅವಳಿಗೆ ಬಿಟ್ಟದ್ದು. ನಾನು ತಡೆಯುವುದಿಲ್ಲ.