ಪೈಗೆ ಕಟ್ಟು, ಸಾರಿಗೆ ಹೂರಣ

ನಾನು ಮಾಡಿದ ಲೆಮನ್ ಮೆರಾಂಗ್ ಪೈಯಲ್ಲಿ ಮೊಬೈಲ್ ಹೇಳಿದಂತೆ ಇದ್ದದ್ದು ನಿಂಬೆಹಣ್ಣು ಒಂದೇ. ಅದೂ ಬಾಜೂ ಮನೆಯ ಗಿಡದ್ದು, ಕೇಳದೆ ಹರಿದದ್ದು. ಉಳಿದ ಸಾಮಾನುಗಳೆಲ್ಲ ನಮ್ಮ ಸಾಲೆಯ ಅತಿಥಿ ಶಿಕ್ಷಕರಿದ್ದ ಹಾಗೆ. ಕಾಯಂ ಆದವರು ಇಲ್ಲವೆಂದು ಕರೆಸಿದ್ದು. ಬಂದವರು ಅವರಿಗಿಂತ ಹೆಚ್ಚು ದುಡಿದದ್ದು.

ಪೈ ಅಂದರೆ ಏನೆಂದು ಮೊದಲು ಹೇಳಿಬಿಡುತ್ತೇನೆ, ನನಗೂ ಹೋದ ವರ್ಷದವರೆಗೆ ಗೊತ್ತಿರಲಿಲ್ಲ. ಕೆಳಗೆ ಬೆಣ್ಣೆ, ಮೈದಾಹಿಟ್ಟಿನ ಗರಿಗರಿ ತಳ. ನಡುವೆ ನಿಂಬೆರಸದ ಹಳದಿ ಗಟ್ಟಿ ಪಾಕ. ಮೇಲೆ ಮೊಟ್ಟೆಯ ಬಿಳಿಯನ್ನು ಸಕ್ಕರೆ ಹಾಕಿ ಕಡೆದು ಎಬ್ಬಿಸಿದ ನೊರೆ, ತುದಿ ಮಾತ್ರ ಕೆಂಪಗೆ ಸುಟ್ಟದ್ದು. ನನ್ನ ನಾದಿನಿ ಶಾಂತಕ್ಕ ಇದನ್ನು ಹುಬ್ಬಳ್ಳಿಯಲ್ಲಿ ತಿಂದು ಬಂದು ಫೋನಿನಲ್ಲಿ ವರ್ಣಿಸಿದಳು. ಕೊನೆಗೆ, "ಮೊರಬದಂಥಾ ಹಳ್ಳ್ಯಾಗ ಅದೆಲ್ಲಾ ಆಗೂದಲ್ಲ ಬಿಡ" ಅಂದಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಮೂರು ವರ್ಷ ಧಾರವಾಡದ ಬಸ್ಸಿನಲ್ಲಿ ನಿಂತುಕೊಂಡೇ ಬಿ.ಎಸ್ಸಿ. ಓದಿದವಳು, ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ನನಗೆ 'ಆಗೂದಿಲ್ಲ' ಅನ್ನಬಾರದು. "ಐತವಾರ ಬರ್ರಿ, ತಿನ್ನಿಸ್ತೀನಿ" ಅಂದುಬಿಟ್ಟೆ.

ಅಂದ ಮೇಲೆ ನೆನಪಾಯಿತು, ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಮೊಟ್ಟೆ ಹೊಸ್ತಿಲು ದಾಟುವುದಿಲ್ಲ.

ಬದಲಿ ಹುಡುಕುವುದು ನಮ್ಮ ಎರೆಭೂಮಿಯವರಿಗೆ ಹೊಸದೇನಲ್ಲ. ಇಲ್ಲಿ ತೆಂಗು ಬೆಳೆಯುವುದಿಲ್ಲವೆಂದು ಯಾರೂ ಅಳುತ್ತ ಕೂರಲಿಲ್ಲ, ಕುಸುಬಿಯನ್ನು ರುಬ್ಬಿ ಹಾಲು ಹಿಂಡಿ ಹುಗ್ಗಿ ಮಾಡಿದರು. ಈಗ ತೆಂಗಿನಕಾಯಿ ತಂದುಕೊಟ್ಟರೂ, "ಕುಸುಬಿ ಹಾಲಿನ ಗಮ್ಮತ್ತು ಇದಕ್ಕೆಲ್ಲಿ ಬಂತು" ಅನ್ನುತ್ತಾರೆ. ಬದಲಿಯಾಗಿ ಬಂದದ್ದು ನಾಲ್ಕು ತಲೆಮಾರು ಕೂತರೆ ಅದೇ ಸಂಪ್ರದಾಯ. ಈ ಧೈರ್ಯದ ಮೇಲೆ ನಾನು ತಳಕ್ಕೆ ಗೋದಿ, ಬೆಲ್ಲದ ಪುಡಿಸಿಹಿ ಮಾದಲಿಯನ್ನೇ ತುಪ್ಪ ಹಾಕಿ ತಾಟಿಗೆ ಒತ್ತಿದೆ. ಹಳದಿ ಪಾಕಕ್ಕೆ ಅಂಗಡಿಯ ಕಸ್ಟರ್ಡ್ ಪೌಡರು. ಓವನ್ನಿಗೆ ಬದಲು ಕುಕ್ಕರು: ಒಳಗೆ ಉಸುಕು ಹಾಕಿ, ಸೀಟಿ ತೆಗೆದಿಟ್ಟದ್ದು.

ಉಳಿದದ್ದು ನೊರೆ. ಕಡಲೆ ಬೇಯಿಸಿದ ನೀರು ಮೊಟ್ಟೆಯ ಬಿಳಿಯಂತೆಯೇ ನೊರೆ ಏಳುತ್ತದೆ, ಅದರಲ್ಲಿ ಪ್ರೋಟೀನು ಇರುತ್ತದೆ ಎಂದು ಮೊಬೈಲು ಹೇಳಿತು. ನನಗೆ ನಗು ಬಂತು. ಇಡೀ ಜಗತ್ತು ಚೆಲ್ಲುತ್ತಿದ್ದ ಆ ನೀರನ್ನು ನಾವು ಯಾವತ್ತೂ ಚೆಲ್ಲಿದವರಲ್ಲ. ಹೋಳಿಗೆಯ ದಿನ ಕಡಲೆಬೇಳೆ ಬೇಯಿಸಿ ಬಸಿದ ನೀರೇ ನಮ್ಮ ಕಟ್ಟು, ಅದರಿಂದಲೇ ಕಟ್ಟಿನ ಸಾರು. ಐತವಾರ ಹೋಳಿಗೆ ಇತ್ತು, ಶಾಂತಕ್ಕನ ಜೊತೆ ಮನೆಯ ಅಳಿಯ ಬರುತ್ತಾರೆಂದು.

ಇಲ್ಲಿಯೇ ಸಂಕಟ. ಶಾಂತಕ್ಕನ ಗಂಡ ಹನ್ನೊಂದು ವರ್ಷಗಳಿಂದ ಬಂದಾಗಲೆಲ್ಲ ನಮ್ಮ ಅತ್ತೆಯ ಕಟ್ಟಿನ ಸಾರು ಕುಡಿದು ಒಂದೇ ಮಾತು ಹೇಳುತ್ತಾರೆ: "ಅತ್ತಿ, ಇಂಥಾ ಸಾರು ಹುಬ್ಬಳ್ಳಿಯಾಗ ಎಲ್ಲೂ ಸಿಗೂದಿಲ್ರಿ." ಆ ಮಾತು ಬೀಳುವ ತನಕ ಅತ್ತೆ ಬಾಗಿಲ ಮರೆಯಲ್ಲಿ ನಿಂತಿರುತ್ತಾರೆ, ಬಿದ್ದ ಮೇಲೆಯೇ ಊಟಕ್ಕೆ ಕೂರುತ್ತಾರೆ. ಅಂಥ ಸಾರಿನ ಬೇರಿಗೇ ನಾನು ಕೈ ಹಾಕಿದ್ದೆ.

ಮುಂಜಾನೆಯೇ ತಯಾರಿ ನಡೆಸಿದ್ದೆ.

"ಅತ್ತಿ, ಇವತ್ತ ಬ್ಯಾಳಿಗೆ ಎಣ್ಣಿ ಹನಿ ಹಾಕಬ್ಯಾಡ್ರಿ."

"ಯಾಕಬೇ?"

"ಕೊಲೆಸ್ಟ್ರಾಲ್ರಿ."

ಎಣ್ಣೆ ಬಿದ್ದರೆ ನೊರೆ ಏಳುವುದಿಲ್ಲ, ಅದು ನಿಜವಾದ ಕಾರಣ. ಅತ್ತೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತರೆ ಒಂದು ತಾಸು ಏಳುವುದಿಲ್ಲ. ಆ ತಾಸಿನಲ್ಲಿ ಕಟ್ಟನ್ನು ಕುದಿಸಿ ಇಂಗಿಸಿದೆ, ಫ್ರಿಜ್ಜಿನಲ್ಲಿಟ್ಟು ಆರಿಸಿದೆ, ಕರೆಂಟಿನ ಕಡಗೋಲು ಹಚ್ಚಿದೆ. ಸ್ವಲ್ಪ ಮಾತ್ರ ತೆಗೆದುಕೊಳ್ಳಬೇಕೆಂದಿತ್ತು. ಆದರೆ ನೊರೆ ಏಳಲು ಹತ್ತಿದ ಮೇಲೆ ಮನುಷ್ಯನ ಆಸೆಗೆ ಅಳತೆ ಇರುವುದಿಲ್ಲ. ಅಷ್ಟೂ ಸುರಿದೆ. ಬೆಳ್ಳಗೆ, ಗಟ್ಟಿಯಾಗಿ, ಬೋಗುಣಿ ಬೋರಲು ಹಾಕಿದರೂ ಬೀಳದ ನೊರೆ!

ಅತ್ತೆ ವಿಭೂತಿ ಹಚ್ಚಿಕೊಂಡು ಬಂದು ಬರಿಪಾತ್ರೆ ನೋಡಿದರು.

"ಕಟ್ಟ ಎಲ್ಲೈತಿ?"

"ಇದ ಕಟ್ಟ್ರಿ ಅತ್ತಿ" ಎಂದು ನೊರೆ ತೋರಿಸಿದೆ.

ಬೆರಳಿನಿಂದ ಚುಚ್ಚಿ ನೋಡಿದರು. "ಸಾಬಾಣದ ನೊರಿ ಅನಕೊಂಡಿದ್ದೆ. ಅಳಿಯಾರು ಬರೂ ಹೊತ್ತಾತು. ಸಾರಿಗೆ ಏನ ಹಾಕ್ಲಿ, ನಿನ್ನ ಬಿಎಸ್ಸಿ ಸರ್ಟಿಫಿಕೇಟ?"

ಅವರು ನನ್ನ ಉತ್ತರಕ್ಕೆ ಕಾಯಲಿಲ್ಲ. ಹೋಳಿಗೆಗೆಂದು ರುಬ್ಬಿಟ್ಟ ಹೂರಣದಲ್ಲಿ ಎರಡು ಉಂಡೆ ತೆಗೆದು ಬಿಸಿನೀರಿನಲ್ಲಿ ಕಿವುಚಿದರು. ಹುಣಸೆಹುಳಿ, ಮಸಾಲೆಖಾರ, ಇಂಗಿನ ಒಗ್ಗರಣೆ. ಎಲ್ಲ ಸೇರಿ ಒಂದು ಕುದಿ. ಯಾವ ಮೊಬೈಲನ್ನೂ ನೋಡಲಿಲ್ಲ. ನನ್ನ ನೊರೆಯ ತುದಿ ಕುಕ್ಕರಿನಲ್ಲಿ ಕೆಂಪಾಗದೆ ನಾನು ಒದ್ದಾಡುತ್ತಿದ್ದಾಗ, "ಹಂಚು ಕಾಸಿ ಮ್ಯಾಲೆ ಹಿಡಿಯವ್ವ ಶಾಣ್ಯಾಕಿ" ಎಂದವರೂ ಅವರೇ. ರೊಟ್ಟಿ ಹಂಚನ್ನು ಕೆಂಪಗೆ ಕಾಸಿ ಇಕ್ಕಳದಲ್ಲಿ ಹಿಡಿದೆ. ಕೆಂಪಾಯಿತು.

ಊಟಕ್ಕೆ ಕೂತಾಗ ಅಳಿಯನ ಎದುರಿನ ಗೋಡೆಯ ಮಾಡದಲ್ಲಿ ನನ್ನ ಪೈ ಇತ್ತು. ಅಲ್ಲಿ ಇಡಬಾರದಿತ್ತು. ಅವರು ಹೋಳಿಗೆ ತಿಂದರು, ಸಾರು ಎರಡು ಸಲ ಹಾಕಿಸಿಕೊಂಡು ಕುಡಿದರು. ಆದರೆ ಕಣ್ಣು ಪೂರ್ತಿ ಮಾಡದ ಕಡೆಗೆ. ಹನ್ನೊಂದು ವರ್ಷದ ಮಾತು ಬರಲಿಲ್ಲ. ಬಾಗಿಲ ಮರೆಯಲ್ಲಿ ಅತ್ತೆಯ ಸೆರಗಿನ ಅಂಚು ಮಾತ್ರ ಕಾಣುತ್ತಿತ್ತು.

ಪೈ ಕೊಯ್ದು ಕೊಟ್ಟೆ. ಒಂದು ತುತ್ತು ಬಾಯಿಗಿಟ್ಟು ಅಳಿಯ ನಿಧಾನವಾಗಿ ಹೆಂಡತಿಯ ಕಡೆ ನೋಡಿದರು. ಅವಳು ನೀರು ತರಲು ಎದ್ದಾಗ ನನ್ನ ಕಡೆ ಬಾಗಿ ಪಿಸುಗುಟ್ಟಿದರು: "ವೈನಿ, ತತ್ತಿ ಹಾಕೀರಿ ಹೌದಲ್ರಿ? ನಾ ಯಾರಿಗೂ ಹೇಳೂದಿಲ್ಲ. ಇನ್ನೊಂದ ತುಂಡ ಹಾಕ್ರಿ."

ಲಿಂಗಧಾರಿಗೆ ಮೊಟ್ಟೆಯ ಗುರುತು ಇಷ್ಟು ಚೆನ್ನಾಗಿ ಎಲ್ಲಿ ಹತ್ತಿತೋ ನಾನು ಕೇಳಲಿಲ್ಲ. ಹಾಕಿಲ್ಲವೆಂದೂ ಹೇಳಲಿಲ್ಲ. ಕಡಲೆಬೇಳೆಯ ನೀರೆಂದು ಗೊತ್ತಾಗಿದ್ದರೆ ಪಾಪ, ಮೂರನೆಯ ತುಂಡು ಅವರಿಗೆ ಇಳಿಯುತ್ತಿರಲಿಲ್ಲ.

ಅವರ ಗಾಡಿ ತಿರುವು ದಾಟುವ ತನಕ ಅತ್ತೆ ಕಟ್ಟೆಯ ಮೇಲೆ ನಿಂತಿದ್ದರು. ಇನ್ನೂ ಉಂಡಿರಲಿಲ್ಲ. ಆಮೇಲೆ ನನ್ನ ಮುಖ ನೋಡದೆ ಕೇಳಿದರು: "ಅಳಿಯಾರು ನಿನ್ನ ಮುಂದ ಏನೋ ಸಣ್ಣ ದನಿಯಾಗ ಅಂದ್ರಲ್ಲ, ಏನದು?"

ಅವತ್ತು ಮುಂಜಾನೆಯಿಂದ ನಾನು ಎಷ್ಟೋ ಸಾಮಾನು ಬದಲಿಸಿದ್ದೆ. ಇದೊಂದು ಭಾರವಾಗಲಿಲ್ಲ.

"ಸಾರು ಯಾವಾಗಿನಕಿಂತ ಚಲೋ ಆಗಿತ್ತಂತ್ರಿ. ಎಲ್ಲಾರ ಮುಂದ ಅಂದ್ರ ಪೈ ತಿನ್ನಾಕ ಬಂದ ಅಕ್ಕಾರು ಸಿಟ್ಟಾಗ್ತಾರಂತ ಸಣ್ಣ ದನಿಯಾಗ ಅಂದ್ರು."

ಅತ್ತೆ ಸೆರಗು ಸರಿಮಾಡಿಕೊಂಡರು. "ಆಗಲಾರದೇನು? ಹೂರಣದ ಸಾರು ಅದು. ಕಟ್ಟಿನಾಗ ಏನೈತಿ, ಬರೇ ನೀರು" ಎಂದು ಒಳಗೆ ಹೋಗಿ ತಾಟು ಹಾಕಿಕೊಂಡು ಕೂತರು.

ಅಂದಿನಿಂದ ನಮ್ಮ ಮನೆಯಲ್ಲಿ ಸಾರು ಹೂರಣದ್ದೇ. ನೆರೆಯ ಹೆಂಗಸರಿಗೆಲ್ಲ ಅತ್ತೆ ಅದನ್ನೇ ಕಲಿಸುತ್ತಿದ್ದಾರೆ, ತಮ್ಮ ತವರಿನ ಪದ್ಧತಿ ಎಂದು. ಹೋಳಿಗೆಯ ದಿನ ಬಸಿದ ಕಟ್ಟು ಅಷ್ಟೂ ನನಗೆ. ನಾನು ಕೇಳುವುದೇ ಬೇಡ.